ಓದುಗರ ಪ್ರಶ್ನೆ, ನಮ್ಮ ಉತ್ತರ: ಬುಖಾರಾದ ಗುಮ್ಮಟದ ಕೆಳಗಿನ ಪೇಟೆ

ಹೋದ ಸಂಚಿಕೇಲಿ ಉಜ್ಬೇಕಿಸ್ತಾನದ ಬುಖಾರಾ ಬಗ್ಗೆ ಒಂದು ಪುಟ ಬರೆದಿದ್ದೆ. ಮರಳುಗಾಡಿನ ಅಂಚಲ್ಲಿರೋ ಹಳೇ ಊರು, ರೇಷ್ಮೆ ದಾರಿಯ ದೊಡ್ಡ ಪೇಟೆ, 1993ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟೀಲಿದೆ, ಇಷ್ಟು ಮಾತ್ರ. ಅದಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಪ್ರಶ್ನೆ ಮೇಲೆ ಪ್ರಶ್ನೆ ಬಂದಿದೆ, ತುಂಬಾ ಖುಷಿ ಆಯ್ತು. ಅದಕ್ಕೇ ಈ ಸಲ ಬೇರೆ ವಿಷಯ ಎಲ್ಲಾ ಪಕ್ಕಕ್ಕಿಟ್ಟು ಬರೀ ಬುಖಾರಾ.

ಮೇಡಂ, ನಮ್ದು ತುಮಕೂರು ಮಂಡಿಪೇಟೇಲಿ ತಾತನ ಕಾಲದಿಂದ ಬೇಳೆಕಾಳಿನ ವ್ಯಾಪಾರ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲವ್ನೆ, ನಮ್ಮಿಬ್ರನ್ನೂ ಸಮರ್ಕಂದ್‌ಗೆ ಕರ್ಕೊಂಡೋಗ್ತೀನಿ ಅಂತವ್ನೆ. ಬುಖಾರಾ ಬೇಡ, ಅಲ್ಲೂ ಅದೇ ಗುಮ್ಮಟ ಅದೇ ಮಿನಾರು, ಸುಮ್ನೆ ದುಡ್ಡು ದಂಡ ಅಂತ ಟ್ರಾವೆಲ್ಸ್‌ನೋರು ಹೇಳ್ತಾವ್ರೆ. ಹೌದಾ?
– ಓದುಗರು, ತುಮಕೂರು

ಯಜಮಾನ್ರೇ, ದಯವಿಟ್ಟು ಬುಖಾರಾ ಬಿಡ್ಬೇಡಿ. ಉಜ್ಬೇಕಿಸ್ತಾನದ ಇನ್ನೊಂದು ಹಳೇ ಊರು ಸಮರ್ಕಂದದಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಬಿಡಿಬಿಡಿಯಾಗಿ ನಿಂತಿವೆ, ನೋಡೋಕೆ ಕಣ್ಣು ತುಂಬುತ್ತೆ, ಆದ್ರೆ ಬುಖಾರಾದಲ್ಲಿ ಉಳಿದಿರೋದು ಒಂದಿಡೀ ಪೇಟೆ. ಓಣಿ, ಅಂಗಡಿ, ವರ್ತಕರ ಛತ್ರ, ಕೊಳ, ಮದರಸಾ, ಮಸೀದಿ ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಇವೆ. ಹುಟ್ಟಿದಾಗಿಂದ ಮಂಡೀಲಿ ಬೆಳೆದ ನಿಮ್ಮಂಥೋರಿಗೆ ಯಾವ ಗೈಡೂ ಬೇಕಾಗಲ್ಲ, ಎಲ್ಲಿ ಸರಕು ಇಳಿಯುತ್ತೆ, ಎಲ್ಲಿ ತೂಕ ಆಗುತ್ತೆ, ಎಲ್ಲಿ ದುಡ್ಡು ಕೈ ಬದಲಾಗುತ್ತೆ ಅಂತ ನೋಡ್ತಿದ್ದಂಗೇ ಗೊತ್ತಾಗುತ್ತೆ.

ಮುಖ್ಯವಾಗಿ ನೋಡಬೇಕಾಗಿರೋದು ಅಲ್ಲಿನ ಗುಮ್ಮಟ ಬಜಾರು. 16ನೇ ಶತಮಾನದಲ್ಲಿ ಶೈಬಾನಿ ವಂಶದ ಎರಡನೇ ಅಬ್ದುಲ್ಲಾ ಖಾನ್ ಬುಖಾರಾನ ರಾಜಧಾನಿ ಮಾಡ್ಕೊಂಡಿದ್ದಾಗ ವ್ಯಾಪಾರ ಜೋರಾಗಿತ್ತು, ಊರಿನ ದೊಡ್ಡ ಬೀದಿಗಳು ಒಂದಕ್ಕೊಂದು ಸೇರೋ ಸರ್ಕಲ್ ಇದೆಯಲ್ಲ, ಅಲ್ಲೇ ಜನ, ಒಂಟೆ, ಗಾಡಿ, ತಲೆಹೊರೆಯೋರು ಎಲ್ಲಾ ಕಿಕ್ಕಿರಿದು ಸೇರೋದು. ಆ ಸರ್ಕಲ್ ಮೇಲೇನೇ ಗುಮ್ಮಟ ಕಟ್ಟಿಸಿಬಿಟ್ರು. ಬೀದಿ ಬೀದಿಯಾಗೇ ಉಳೀತು, ಓಡಾಟ ನಿಲ್ಲಲಿಲ್ಲ, ಆದ್ರೆ ಸರ್ಕಲ್ಲಿಗೆ ಒಂದು ಸೂರು ಬಂತು, ಸೂರಿನ ಕೆಳಗೆ ಸುತ್ತಲೂ ಗೋಡೆ ಒಳಗೇ ಅಂಗಡಿ ಗೂಡುಗಳು. ಹೊರೆ ಹೊತ್ತ ಒಂಟೆ ನುಗ್ಗೋ ಅಷ್ಟು ಎತ್ತರದ ಕಮಾನು ಬಾಗಿಲು ನಾಲ್ಕೂ ಕಡೆ.

ಅಂಥ ಗುಮ್ಮಟಗಳಲ್ಲಿ ಈಗ ಮೂರು ಉಳಿದಿವೆ. ದೊಡ್ಡದು ತೋಕಿ ಜರ್ಗರಾನ್, ಅದು ಚಿನಿವಾರರದ್ದು. ತೋಕಿ ತೆಲ್ಪಕ್ ಫುರುಶಾನ್ ಟೋಪಿ ಮಾರೋರದ್ದು. ತೋಕಿ ಸರ್ರಾಫಾನ್ ಸರಾಫರದ್ದು, ಅಂದ್ರೆ ಪರ ಊರಿನ ನಾಣ್ಯ ತಂದೋರಿಗೆ ಅದನ್ನ ತೂಗಿ, ಉಜ್ಜಿ ನೋಡಿ, ಈ ಊರಿನ ನಾಣ್ಯ ಕೊಡೋರು ಕೂರ್ತಿದ್ದ ಜಾಗ. ಟೋಪಿ ಗುಮ್ಮಟದ ಜಾಗ ನನಗೆ ತುಂಬಾ ಇಷ್ಟ. ಅಲ್ಲಿ ಐದು ಬೀದಿ ಅಡ್ಡಾದಿಡ್ಡಿ ಬಂದು ಸೇರುತ್ತೆ, ಯಾವುದೂ ನೇರ ಇಲ್ಲ. ಮೇಸ್ತ್ರಿಗಳು ಬೀದೀನ ನೇರ ಮಾಡೋಕೆ ಯಾರ ಮನೇನೂ ಒಡೀಲಿಲ್ಲ, ಒಳಗೆ ಆರು ಮೂಲೆ ಮಾಡಿ ಅದರ ಮೇಲೆ ಗುಮ್ಮಟ ಕೂರಿಸಿ, ಐದೂ ಬೀದಿಗೆ ಅದರದ್ದರ ಓರೆಗೇ ಬಾಗಿಲು ಬಿಟ್ಟವ್ರೆ. ಒಳಗೆ ನಿಂತ್ರೆ ಎಲ್ಲಾ ಸರಿಯಾಗಿದೆ ಅನ್ಸುತ್ತೆ, ಹೊರಗೆ ಬಂದು ಒಂದು ಸುತ್ತು ಹಾಕಿದ್ಮೇಲೇ ಎಷ್ಟು ಕಷ್ಟದ ಲೆಕ್ಕ ಅಂತ ಗೊತ್ತಾಗೋದು.

ಇದ್ರ ಜೊತೆ ಟಿಮ್ ಅಬ್ದುಲ್ಲಾ ಖಾನ್ ಅಂತ ಇನ್ನೊಂದಿದೆ, 1577ರದ್ದು. ಅದು ಸರ್ಕಲ್ ಮೇಲಿಲ್ಲ, ಬೀದಿ ಪಕ್ಕದಲ್ಲೇ ಪೂರ್ತಿ ಮುಚ್ಚಿರೋ ಮಾರ್ಕೆಟ್ಟು, ರೇಷ್ಮೆ ಉಣ್ಣೆ ಬಟ್ಟೆಗೆ ಅಂತ ಕಟ್ಟಿದ್ದು. ಹೊರಗೆ 40 ಡಿಗ್ರಿ ಸುಡ್ತಿದ್ರೂ ಒಳಗೆ ಕಾಲಿಟ್ಟ ತಕ್ಷಣ ತಂಪು. ಗೋಡೆ ದಪ್ಪ, ಬಿಸಿಲು ನೇರ ಬೀಳೋ ಕಿಟಕಿ ಇಲ್ಲ, ಬೆಳಕೆಲ್ಲಾ ಗುಮ್ಮಟದ ಮೇಲಿನ ಕಿಂಡಿಯಿಂದ, ಬಿಸಿಗಾಳಿ ಮೇಲೇರಿ ಅದೇ ಕಿಂಡೀಲಿ ಆಚೆ ಹೋಗ್ತಾ ಇರುತ್ತೆ. ಬಟ್ಟೆ ಬಣ್ಣ ಬಿಸಿಲಿಗೆ ಮಾಸೋದೂ ತಪ್ಪುತ್ತೆ.

ಇನ್ನೊಂದು ಮಾತು, ಇದನ್ನ ಮನಸ್ಸಲ್ಲಿಟ್ಕೊಂಡು ಊರು ನೋಡಿ. ಆ ಊರಿನ ಮದರಸಾ, ಮಸೀದಿ ಎಲ್ಲಾ ನಿಂತಿದ್ದು ಅಂಗಡಿ ಬಾಡಿಗೆ ಮೇಲೆ. ಖಾನ್‌ಗಳು, ಶ್ರೀಮಂತರು ಮದರಸಾ ಕಟ್ಟಿಸಿ ಸುಮ್ನಾಗ್ತಿರ್ಲಿಲ್ಲ, ಇಂತಿಂಥ ಅಂಗಡಿ, ಸ್ನಾನದ ಮನೆ, ಛತ್ರ, ಜಮೀನಿನ ಆದಾಯ ಇದಕ್ಕೆ ಸೇರಬೇಕು ಅಂತ ವಕ್ಫ್ ಬರೆದು ಕೊಡೋರು, ಅದರಲ್ಲಿ ಗುರುಗಳ ಸಂಬಳ, ಹುಡುಗ್ರ ಖರ್ಚು, ರಿಪೇರಿ ಎಲ್ಲಾ ನಡೀತಿತ್ತು. ನಮ್ಮಲ್ಲಿ ದೇವಸ್ಥಾನಕ್ಕೆ ಮಾನ್ಯದ ಜಮೀನು ಬಿಡ್ತಿದ್ರಲ್ಲ, ಅದೇ ಲೆಕ್ಕ. ವ್ಯಾಪಾರ ಬಿದ್ದು ಹೋದಾಗ ನೀಲಿ ಹೆಂಚೂ ಉದುರೋಕೆ ಶುರು ಆಗೋದು. ಫೋಟೋದಲ್ಲಿ ಬರೋದು ಬರೀ ನೀಲಿ ಹೆಂಚು, ಅದಕ್ಕೆ ಅನ್ನ ಹಾಕಿದ್ದು ಈ ಮಣ್ಣಿನ ಬಣ್ಣದ ಗುಮ್ಮಟ, ನನ್ನ ಕೇಳಿದ್ರೆ ಬುಖಾರಾದ ಮೊದಲ ಸ್ಮಾರಕ ಇದೇ.

ನಾವು ರೇಷ್ಮೆ ಗೂಡಿಂದ ನೂಲು ಬಿಚ್ಚೋ ರೀಲರ್‌ಗಳು, ಶಿಡ್ಲಘಟ್ಟ. ರೇಷ್ಮೆ ದಾರಿ ರೇಷ್ಮೆ ದಾರಿ ಅಂತ ಎಲ್ರೂ ಅಂತಾರೆ, ಬುಖಾರಾದಲ್ಲಿ ಗೂಡು ಬೆಳೀತಾರಾ, ಇಲ್ಲ ಬರೀ ಚೀನಾ ಮಾಲು ಆ ಕಡೆಯಿಂದ ಈ ಕಡೆ ದಾಟ್ಸೋ ದಲ್ಲಾಳಿ ಕೆಲ್ಸಾನಾ?
– ಓದುಗರು, ಶಿಡ್ಲಘಟ್ಟ

ಎರಡೂ ಇತ್ತು, ಎರಡೂ ಜೋರಾಗೇ ಇತ್ತು. ಶುರೂಲಿ ಚೀನಾ ರೇಷ್ಮೆ ದಾಟ್ಸೋದೇ ದೊಡ್ಡ ವ್ಯಾಪಾರ, ಆಮೇಲೆ ಆ ಕಡೆಯೋರೂ ಹುಳ ಸಾಕೋದು ಕಲ್ತರು. ಈಗ ಚೀನಾ, ಭಾರತ ಬಿಟ್ರೆ ಗೂಡು ಜಾಸ್ತಿ ಬೆಳೆಯೋ ದೇಶ ಉಜ್ಬೇಕಿಸ್ತಾನ. ಆದ್ರೆ ನಿಮ್ಮ ಥರ ವರ್ಷ ಪೂರ್ತಿ ಬೆಳೆ ಮೇಲೆ ಬೆಳೆ ತೆಗೆಯೋಕಾಗಲ್ಲ, ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆ ಪೂರಾ ಉದುರಿ ಹೋಗುತ್ತೆ, ಅದಕ್ಕೇ ವಸಂತದ ಬೆಳೇನೇ ಮುಖ್ಯ. ಆಗ ಮನೆಮನೆಗೂ ಮೊಟ್ಟೆ ಹಂಚ್ತಾರೆ, ಮನೇಲಿರೋ ರೂಮನ್ನೇ ಹುಳಕ್ಕೆ ಬಿಟ್ಕೊಟ್ಟು ಮನೆಯೋರು ಹೊಂದ್ಕೊಂಡು ಮಲಗೋದು ಅಲ್ಲೂ ಉಂಟು, ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ನಿಮ್ಮ ತೋಟದಲ್ಲಿ ಹಿಪ್ಪುನೇರಳೆ ಅಂದ್ರೆ ಸೊಂಟದೆತ್ತರದ ಗಿಡ, ಕಟಾವು ಮಾಡ್ತಾನೇ ಇರೋದು. ಅಲ್ಲಿ ಅದು ಹೆಮ್ಮರ. ಊರ ಮಧ್ಯ ಲ್ಯಾಬಿ ಹೌಜ್ ಅಂತ ಕೊಳ ಇದೆ, ಅದರ ದಂಡೆ ಮೇಲಿನ ಹಿಪ್ಪುನೇರಳೆ ಮರಗಳನ್ನ 1477ರಲ್ಲಿ ನೆಟ್ಟಿದ್ದು ಅಂತ ಹೇಳ್ತಾರೆ. ಕೊಳ ತೋಡಿದ್ದು 1620ರ ಸುಮಾರಿಗೆ, ಅಂದ್ರೆ ಕೊಳಕ್ಕಿಂತ ಮರ ಹಳೇದು. ಬೊಡ್ಡೆ ಒಳಗೆ ಟೊಳ್ಳಾಗಿದೆ, ತೊಗಟೆ ತಿರುಚ್ಕೊಂಡು ಗಂಟು ಗಂಟಾಗಿದೆ, ಕೆಲವಂತೂ ಪೂರಾ ಒಣಗಿ ನಿಂತಿವೆ, ಇನ್ನು ಕೆಲವು ಮರ ಚಿಗುರಿ ಟೀ ಕುಡಿಯೋರಿಗೆ ನೆರಳು ಕೊಡ್ತಾ ಇವೆ.

ಬುಖಾರಾ ರೇಷ್ಮೆಗೆ ದೊಡ್ಡ ಹೆಸರು ತಂದಿದ್ದು 19ನೇ ಶತಮಾನದ ಇಕ್ಕತ್ ಬಟ್ಟೆ. ನೇಯೋಕ್ ಮುಂಚೇನೇ ಹಾಸಿನ ನೂಲನ್ನ ಕಟ್ಟು ಕಟ್ಟಿ ಒಂದೊಂದು ಬಣ್ಣಕ್ಕೂ ಅದ್ದಿ ಅದ್ದಿ ತೆಗೀತಾರೆ, ಕಟ್ಟಿದ ಕಡೆ ಬಣ್ಣ ಹತ್ತಲ್ಲ, ಆಮೇಲೆ ಮಗ್ಗಕ್ಕೆ ಹಾಕಿದಾಗ ಡಿಸೈನ್ ಅಂಚು ಸ್ವಲ್ಪ ಕದಡ್ದಂಗೆ ಬರುತ್ತಲ್ಲ ಅದೇ ಅದರ ಚೆಂದ. ಕೆಲ್ಸಾನೂ ಪಂಗಡದ ಪ್ರಕಾರ ಹಂಚಿಕೊಂಡಿತ್ತು, ನೀಲಿ ಬಣ್ಣದ ತಣ್ಣನೆ ತೊಟ್ಟಿ ಬುಖಾರಾದ ಯಹೂದಿಗಳದ್ದು, ಕೆಂಪು ಹಳದಿಯ ಕುದಿಯೋ ತೊಟ್ಟಿ ತಾಜಿಕರದ್ದು. ಒಂದೇ ನೂಲು ಇಷ್ಟು ಮನೆ ಸುತ್ತಿ ಬರೋದು. ಹೆಬ್ಬಾಳದಾಚೆ ಇರೋ ನಿಮ್ಮೂರಲ್ಲೂ ಒಬ್ಬ ಗೂಡು ಬೆಳೆದ್ರೆ ಇನ್ನೊಬ್ಬ ನೂಲು ಬಿಚ್ಚಿ ಮತ್ತೊಬ್ಬ ಹುರಿ ಮಾಡ್ತಾನಲ್ಲ, ಆ ಸರಪಳಿ ಅಲ್ಲೂ ಹಂಗೇ.

ಚಿಂತಾಮಣಿಯಿಂದ ಕೇಳ್ತಿರೋದು. ನಮ್ ದೇಶದೋರು ಯಾರಾದ್ರೂ ಆ ಕಾಲದಲ್ಲಿ ಅಲ್ಲಿಗೆ ಹೋಗಿ ವ್ಯಾಪಾರ ಮಾಡಿದ್ರಾ?

ಮಾಡಿದ್ರು, ಅಲ್ಲೇ ಬಿಡಾರ ಹೂಡಿ ಮಾಡಿದ್ರು. 1558ರಲ್ಲಿ ಆಂಟನಿ ಜೆಂಕಿನ್ಸನ್ ಅನ್ನೋ ಇಂಗ್ಲಿಷ್ ವರ್ತಕ ಬುಖಾರಾಗೆ ಬಂದಿದ್ದ, ಭಾರತದ ವ್ಯಾಪಾರಿಗಳು ರುಮಾಲು ಸುತ್ತೋ ತೆಳು ಬಿಳಿ ಹತ್ತಿ ಬಟ್ಟೆ ತರ್ತಾರೆ ಅಂತ ಅವನು ಬರೆದಿಟ್ಟವ್ನೆ. ನಮ್ಮ ಕಡೆಯಿಂದ ಬಟ್ಟೆ, ನೀಲಿ ಬಣ್ಣ ಹೋಗೋದು, ಅಲ್ಲಿಂದ ಕುದುರೆ, ಒಣಹಣ್ಣು ಬರೋದು. ಹೆಚ್ಚಿನೋರು ಮುಲ್ತಾನ್ ಕಡೆಯೋರು, ಆಮೇಲಾಮೇಲೆ ಸಿಂಧ್‌ನ ಶಿಕಾರ್‌ಪುರದೋರು, ಅಂದ್ರೆ ಈಗ ಪಾಕಿಸ್ತಾನದಲ್ಲಿರೋ ಊರುಗಳು. ದಕ್ಷಿಣದೋರಿಗೆ ಕುದುರೆ ಬರ್ತಿದ್ದುದು ಸಮುದ್ರದ ಮೇಲೆ ಅರಬ್ ಕಡೆಯಿಂದ, ವಿಜಯನಗರದೋರು ಆ ದಾರೀನೇ ನಂಬಿದ್ದು.

1832ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬರ್ನ್ಸ್ ಹೋದಾಗ್ಲೂ ಹಿಂದೂ ವರ್ತಕರು ಅಲ್ಲಿ ತಮ್ಮದೇ ಛತ್ರದಲ್ಲಿದ್ರು. ಛತ್ರ ಅಂದ್ರೆ ಕಾರವಾನ್ ಸೆರಾಯ್, ಮಧ್ಯೆ ದೊಡ್ಡ ಅಂಗಳ, ಕೆಳಗೆ ಸರಕಿನ ಗೋದಾಮು ಮತ್ತೆ ಪ್ರಾಣಿಗಳಿಗೆ ಜಾಗ, ಮೇಲೆ ಸುತ್ತ ಒಂದೊಂದೇ ಕೋಣೆ, ಇರೋದು ಒಂದೇ ದೊಡ್ಡ ಬಾಗಿಲು, ರಾತ್ರಿ ಅದನ್ನ ಹಾಕಿದ್ರೆ ಸರಕಿಗೂ ಜೀವಕ್ಕೂ ಭದ್ರ. ಇವರು ಬಟ್ಟೆ ಮಾರೋದ್ರ ಜೊತೆ ಲೇವಾದೇವಿನೂ ಮಾಡ್ತಿದ್ರು, ರೈತರಿಗೆ ಸಾಲ ಕೊಡೋರು. 1868ರಲ್ಲಿ ರಷ್ಯಾದೋರು ಬುಖಾರಾದ ಅಮೀರನ್ನ ಸೋಲಿಸಿ ಕೈಕೆಳಗೆ ಇಟ್ಕೊಂಡ್ಮೇಲೆ ಭಾರತದೋರ ವ್ಯಾಪಾರ ಇಳೀತಾ ಹೋಯ್ತು.

ಒಂದು ಛತ್ರದ ಕತೆ ಹೇಳಲೇಬೇಕು. ಲ್ಯಾಬಿ ಹೌಜ್ ಕೊಳದ ಪಕ್ಕ ನಾದಿರ್ ದಿವಾನ್ ಬೇಗಿ ಅನ್ನೋ ಮಂತ್ರಿ 1622–23ರಲ್ಲಿ ವರ್ತಕರಿಗೆ ಅಂತ ಕಾರವಾನ್ ಸೆರಾಯ್ ಕಟ್ಟಿಸಿದ. ಉದ್ಘಾಟನೆಗೆ ಬಂದ ದೊರೆ ಇಮಾಮ್ ಕುಲಿ ಖಾನ್ ನೋಡಿ, ಎಂಥಾ ಒಳ್ಳೇ ಮದರಸಾ ಕಟ್ಟಿಸಿದೀಯ ಅಂದ್ಬಿಟ್ಟನಂತೆ. ದೊರೆ ಬಾಯಿಂದ ಬಂದ ಮಾತು, ತಿರುಗಿ ಹೇಳೋಕಾಗುತ್ತಾ, ಕಟ್ಟಡಾನ ಮದರಸಾ ಮಾಡಿಬಿಟ್ರು. ಬಾಗಿಲ ಮೇಲೆ ಎರಡು ದೊಡ್ಡ ಹಕ್ಕಿ, ಮಧ್ಯೆ ಮನುಷ್ಯನ ಮುಖ ಇರೋ ಸೂರ್ಯ, ನೀಲಿ ಹಳದಿ ಹೆಂಚಿನ ಕೆಲಸ, ಮದರಸಾ ಮೇಲೆ ಪ್ರಾಣಿ ಪಕ್ಷಿ ಚಿತ್ರ ಬಿಡ್ಸೋದು ತೀರಾ ಅಪರೂಪ, ತಪ್ಪದೇ ನೋಡಿ.

ನಾನು ಸಿರಾದಲ್ಲಿ ಹೈಸ್ಕೂಲ್ ಮೇಷ್ಟ್ರು. ಮಕ್ಕಳನ್ನ ಮಲಿಕ್ ರೆಹಾನ್ ದರ್ಗಾಗೆ ಕರ್ಕೊಂಡು ಹೋದಾಗೆಲ್ಲಾ ಒಂದು ಪ್ರಶ್ನೆ ಬರುತ್ತೆ, ಚೌಕಾಕಾರದ ಗೋಡೆ ಮೇಲೆ ದುಂಡಗಿನ ಗುಮ್ಮಟ ಹೆಂಗೆ ನಿಲ್ಲುತ್ತೆ ಅಂತ. ಆ ವಿದ್ಯೆ ಬುಖಾರಾ ಕಡೆಯಿಂದ ಬಂದಿದ್ದಾ?
– ಓದುಗರು, ಸಿರಾ

ಮೇಷ್ಟ್ರೇ, ಒಂದೇ ಊರಿಂದ ಬಂತು ಅಂತ ಹೇಳೋಕಾಗಲ್ಲ, ಇರಾನ್ ಮತ್ತೆ ಮಧ್ಯ ಏಷ್ಯಾದಲ್ಲಿ ಶತಮಾನಗಟ್ಟಲೆ ಪಳಗಿದ ವಿದ್ಯೆ ಅದು, ದೆಹಲಿ, ದಖ್ಖನ್ ದಾರೀಲಿ ನಮ್ಮ ಕಡೆಗೂ ಬಂತು. ಆದ್ರೆ ಅದು ಎಷ್ಟು ಬೇಗ ಎಷ್ಟು ಚೆನ್ನಾಗಿ ಬಂದಿತ್ತು ಅಂತ ತೋರ್ಸೋಕೆ ಬುಖಾರಾದಲ್ಲಿ ಒಂದು ಪುಟ್ಟ ಕಟ್ಟಡ ಇದೆ, ದೊರೆ ಇಸ್ಮಾಯಿಲ್ ಸಾಮಾನಿ ಗೋರಿ. 10ನೇ ಶತಮಾನದ ಶುರುವಿನದು. ಇವತ್ತಿಗೆ ಸಾವಿರ ವರ್ಷದ ಮೇಲಾಯ್ತು.

ಒಂದೊಂದು ಪಕ್ಕ ಹೆಚ್ಚೂಕಡಿಮೆ ಹತ್ತು ಮೀಟರ್ ಅಷ್ಟೇ, ನಾಲ್ಕೂ ಕಡೆ ಒಂದೇ ಥರ, ನಾಲ್ಕೂ ಕಡೆ ಬಾಗಿಲು. ಬಣ್ಣ ಇಲ್ಲ, ಹೆಂಚಿಲ್ಲ, ಇರೋದು ಸುಟ್ಟ ಇಟ್ಟಿಗೆ ಮಾತ್ರ. ಹತ್ತಿರ ಹೋಗಿ ನೋಡಿದ್ರೆ ಇಟ್ಟಿಗೇನ ಒಂದು ಸಾಲು ಅಡ್ಡ, ಒಂದು ಸಾಲು ಉದ್ದ, ಒಂದು ಒಳಗೆ ತಳ್ಳಿ ಒಂದು ಆಚೆ ಬಿಟ್ಟು, ಬಿದಿರು ಬುಟ್ಟಿ ಹೆಣೆದಂಗೆ ಹೆಣೆದವ್ರೆ. ಬೆಳಗ್ಗೆ ಒಂದು ಪಕ್ಕದ ಇಟ್ಟಿಗೆ ನೆರಳು ಉದ್ದ, ಮಧ್ಯಾಹ್ನ ಗೋಡೆ ಸಪಾಟಾಗಿ ಕಾಣುತ್ತೆ, ಸಂಜೆ ಮತ್ತೆ ಇನ್ನೊಂದು ಪಕ್ಕ ಏಳುತ್ತೆ, ಒಂದೇ ದಿನದಲ್ಲಿ ಅದೇ ಗೋಡೆ ಬೇರೆ ಬೇರೆ ಥರ ಕಾಣ್ಸುತ್ತೆ. ಶತಮಾನಗಟ್ಟಲೆ ಇದು ಅರ್ಧ ಮಣ್ಣಲ್ಲಿ ಹೂತ್ಕೊಂಡಿತ್ತು, ಸುತ್ತ ಸ್ಮಶಾನ ಇತ್ತು, 20ನೇ ಶತಮಾನದಲ್ಲಿ ಸೋವಿಯತ್ ಕಾಲದ ಪುರಾತತ್ವದೋರು ಮಣ್ಣು ತೆಗೆದು ಬಿಡಿಸಿದ್ರು.

ಈಗ ನಿಮ್ಮ ಮಕ್ಕಳ ಪ್ರಶ್ನೆ. ಚೌಕದ ನಾಲ್ಕು ಮೂಲೆಗೂ ಓರೆಯಾಗಿ ಒಂದೊಂದು ಪುಟ್ಟ ಕಮಾನು ಕೊಡ್ತಾರೆ. ಆಗ ನಾಲ್ಕು ಬದಿ ಎಂಟು ಆಯ್ತು. ಎಂಟನ್ನ ಇನ್ನೂ ಸ್ವಲ್ಪ ಮೂಲೆ ಮುರಿದು ಹದಿನಾರು ಮಾಡ್ತಾರೆ. ಹದಿನಾರು ಬದಿ ಅಂದ್ರೆ ಹೆಚ್ಚೂಕಮ್ಮಿ ದುಂಡೇ, ಅದರ ಮೇಲೆ ಗುಮ್ಮಟ ಕೂರುತ್ತೆ, ಭಾರ ಆ ಕಮಾನುಗಳ ಮೂಲಕ ಗೋಡೆಗೆ ಇಳಿಯುತ್ತೆ. ಸಾಮಾನಿ ಗೋರಿ ಒಳಗೆ ನಿಂತು ಮೇಲೆ ನೋಡಿದ್ರೆ ಈ ಪಾಠ ಪೂರ್ತಿ ಕಣ್ಣಿಗೆ ಕಾಣುತ್ತೆ. ಇನ್ನೊಂದು ಉಪಾಯ ಅಂದ್ರೆ ದೊಡ್ಡ ಕಮಾನುಗಳನ್ನೇ ಒಂದರ ಮೇಲೊಂದು ಹಾಯಿಸಿ ಮಧ್ಯದ ಜಾಗ ಚಿಕ್ಕದು ಮಾಡ್ಕೊಂಡು ಬರೋದು, ಬುಖಾರಾದ ಸರಾಫರ ಗುಮ್ಮಟದಲ್ಲಿ ಇರೋದು ಅದು. ನಮ್ಮ ಬಿಜಾಪುರದ ಗೋಲ ಗುಮ್ಮಟದಲ್ಲೂ ಹಾಯೋ ಕಮಾನುಗಳದ್ದೇ ಆಟ, ಆದ್ರೆ ಅಳತೆ ಎಲ್ಲಿಂದ ಎಲ್ಲಿಗೋ, 1656ರಲ್ಲಿ ಮುಗಿದ ಆ ಗುಮ್ಮಟದ ಹೊರ ಅಗಲ 44 ಮೀಟರ್. ಮುಂದಿನ ಸಲ ಮಕ್ಕಳು ಸಿರಾದಲ್ಲಿ ತಲೆ ಎತ್ತಿ ನೋಡಿದಾಗ ಮೂಲೇನ ತೋರ್ಸಿ, ಗುಮ್ಮಟಾನ ಆಮೇಲೆ ತೋರ್ಸಿದ್ರಾಯ್ತು.

ಗೆಂಘಿಸ್ ಖಾನ್ ಬುಖಾರಾ ಪೂರಾ ಸುಟ್ಟ ಅಂತ ಹಿಸ್ಟರಿ ಕ್ಲಾಸಲ್ಲಿ ಓದಿದೀವಿ. ಮತ್ತೆ ಆ ದೊಡ್ಡ ಮಿನಾರು ಹೆಂಗುಳೀತು ಅಕ್ಕ?
– ಪಿಯುಸಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಕಲ್ಯಾನ್ ಮಿನಾರು ಕಟ್ಟಿದ್ದು 1127ರಲ್ಲಿ, ಕರಾಖಾನಿ ದೊರೆ ಅರ್ಸ್ಲಾನ್ ಖಾನ್ ಕಾಲದಲ್ಲಿ. ಮಂಗೋಲರು ಬಂದಿದ್ದು 1220ರಲ್ಲಿ. ಮಿನಾರು ನೋಡೋಕೆ ತಲೆ ಎತ್ತಿದಾಗ ಖಾನನ ಟೋಪಿ ಬಿತ್ತು, ಎತ್ಕೊಳ್ಳೋಕೆ ಬಗ್ಗಿದ, ನನ್ನನ್ನೇ ಬಗ್ಗಿಸಿದ ಇದನ್ನ ಮುಟ್ಟಬೇಡಿ ಅಂದ ಅಂತ ಜನ ಹೇಳೋ ಕತೆ ಒಂದಿದೆ, ಅದು ಕತೆಯಾಗೇ ಚೆನ್ನಾಗಿದೆ ಪುಟ್ಟಿ, ಪರೀಕ್ಷೇಲಿ ಬರೀಬೇಡ.

ಬರೀಬೇಕಾದ್ದು ಕಟ್ಟಡದ ವಿಷಯ. ಹೆಚ್ಚೂಕಡಿಮೆ 46 ಮೀಟರ್ ಎತ್ತರ, ಬುಡದಲ್ಲಿ 9 ಮೀಟರ್ ಅಗಲ, ಮೇಲೆ ಹೋಗ್ತಾ ಹೋಗ್ತಾ 6ಕ್ಕೆ ಸಣ್ಣ ಆಗುತ್ತೆ, ಅದಕ್ಕೇ ಅಷ್ಟು ಗಟ್ಟಿ. ಪೂರಾ ಸುಟ್ಟ ಇಟ್ಟಿಗೆ, ಪಟ್ಟಿ ಪಟ್ಟಿಯಾಗಿ ಡಿಸೈನು, ಒಂದು ಪಟ್ಟಿ ಥರ ಇನ್ನೊಂದಿಲ್ಲ. ಮೇಲ್ಗಡೆ ನೀಲಿ ಹೆಂಚಿನ ಒಂದು ಪಟ್ಟಿ ಇದೆ, ಆ ಕಡೆ ಕಟ್ಟಡಕ್ಕೆ ಬಣ್ಣದ ಹೆಂಚು ಹಾಕೋಕೆ ಶುರು ಮಾಡಿದ ಮೊದಮೊದಲ ದಿನದ್ದು ಅದು, ಸಮರ್ಕಂದದ ನೀಲಿ ಎಲ್ಲಾ ಆಮೇಲೆ ಬಂದಿದ್ದು. ತುದೀಲಿ 16 ಕಮಾನಿನ ಗೂಡು, ಅಲ್ಲಿಂದ ನಮಾಜಿಗೆ ಕರೆಯೋರು, ಮರಳುಗಾಡಲ್ಲಿ ದೂರದಿಂದ ಬರೋ ಒಂಟೆ ಸಾಲಿಗೂ ಅದೇ ಗುರುತು. ಮರಣದಂಡನೆ ಆದೋರನ್ನ ಅದರ ಮೇಲಿಂದ ತಳ್ತಿದ್ದ ಕಾಲವೂ ಇತ್ತು.

ಮಿನಾರಿಗೆ ನಿಜವಾದ ಪೆಟ್ಟು ಬಿದ್ದಿದ್ದು 1920ರಲ್ಲಿ. ಮಿಖಾಯಿಲ್ ಫ್ರುಂಜೆ ನಾಯಕತ್ವದ ಸೋವಿಯತ್ ರಷ್ಯಾದ ಕೆಂಪು ಸೇನೆ ಊರ ಮೇಲೆ ಫಿರಂಗಿ ಹಾರಿಸ್ತು, ಅರ್ಕ್ ಕೋಟೆ ಹೊತ್ತಿ ಉರೀತು, ಕೊನೇ ಅಮೀರ ಆಲಿಮ್ ಖಾನ್ ತಪ್ಪಿಸ್ಕೊಂಡು ಅಫ್ಘಾನಿಸ್ತಾನಕ್ಕೆ ಹೋದ, 1944ರಲ್ಲಿ ಕಾಬೂಲಲ್ಲೇ ತೀರ್ಕೊಂಡ. ಆಗ ಮಿನಾರಿಗೂ ಗುಂಡು ತಗುಲಿ ಜಖಂ ಆಗಿತ್ತು, ಆಮೇಲೆ ರಿಪೇರಿ ಮಾಡಿದ್ರು. ಕೋಟೆ ಒಳಗೆ ಈಗಲೂ ಬಹಳಷ್ಟು ಜಾಗ ಬರೀ ಮಣ್ಣಿನ ದಿಬ್ಬ. ಪಕ್ಕದಲ್ಲಿರೋ ಕಲ್ಯಾನ್ ಮಸೀದಿ 1514ರ ಸುಮಾರಿನದು, 288 ಗುಮ್ಮಟ. ಎದುರಿಗಿರೋ ಮೀರ್ ಇ ಅರಬ್ ಮದರಸಾ 1535–36ರದ್ದು, ಸೋವಿಯತ್ ಕಾಲದಲ್ಲಿ ಎಷ್ಟೋ ಮದರಸಾ ಮುಚ್ಚಿದ್ರೂ ಇದನ್ನ ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಮತ್ತೆ ತೆಗೆದ್ರು, ಈಗಲೂ ಅಲ್ಲಿ ಹುಡುಗ್ರು ಓದ್ತಾರೆ.

ಕೋಲಾರದಲ್ಲಿ ನಮ್ಮದು ಹಳೇ ಗಾರೆ ಮನೆ. ಗೋಡೆ ಬುಡದಲ್ಲಿ ಬಿಳಿ ಪುಡಿ ಉದುರ್ತಾ ಐತೆ, ಸಿಮೆಂಟ್ ಪ್ಲಾಸ್ಟರ್ ಮಾಡ್ಸಿದ್ರೆ ಎರಡೇ ವರ್ಷಕ್ಕೆ ಅದೂ ಬಿತ್ತು. ಬುಖಾರಾದಲ್ಲಿ ಸಾವಿರ ವರ್ಷದ ಇಟ್ಟಿಗೆ ಹೆಂಗೆ ನಿಂತೈತೆ?
– ಓದುಗರು, ಕೋಲಾರ

ಅಲ್ಲೂ ಇದೇ ಗೋಳು, ಇನ್ನೂ ಜೋರಾಗಿದೆ. ಬುಖಾರಾದ ಸ್ಮಾರಕಗಳಿಗೆ ಈಗಿರೋ ದೊಡ್ಡ ಶತ್ರು ಭೂಕಂಪ ಅಲ್ಲ, 1976ರ ಗಾಜ್ಲಿ ಭೂಕಂಪದಲ್ಲೂ ಪೆಟ್ಟು ತಿಂದು ನಿಂತಿವೆ. ಶತ್ರು ಅಂದ್ರೆ ಉಪ್ಪು ನೀರು. ಹತ್ತಿ ಬೆಳೀಬೇಕು ಅಂತ ಸೋವಿಯತ್ ಕಾಲದಲ್ಲಿ ಅಮು ದರಿಯಾ ನದಿ ನೀರನ್ನ ಕಾಲುವೇಲಿ ತಂದು ಹೊಲಕ್ಕೆ ಧಾರಾಳವಾಗಿ ಬಿಟ್ರು. ಇಳಿದ ನೀರು ಆಚೆ ಹೋಗೋ ದಾರಿ ಸಾಲದೆ ಅಂತರ್ಜಲ ಮೇಲೆ ಬಂತು, ಬರೋವಾಗ ಮಣ್ಣಲ್ಲಿರೋ ಉಪ್ಪು ಕರಗಿಸ್ಕೊಂಡೇ ಬಂತು. ನಮ್ಮ ಕೋಲಾರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದ್ರೂ ನೀರಿಲ್ಲ ಅಂತ ಅಳ್ತೀವಿ, ಅಲ್ಲಿ ನೀರು ಪಾಯದ ಹತ್ರಾನೇ ಬಂದು ಕೂತು ಕಟ್ಟಡ ತಿಂತಿದೆ.

ಇಟ್ಟಿಗೆ ಆ ನೀರನ್ನ ಮೇಲಕ್ಕೆ ಹೀರುತ್ತೆ, ಗೋಡೆ ಮೇಲೆ ಬಿಸಿಲು ಬಿದ್ದಾಗ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಮಾತ್ರ ಇಟ್ಟಿಗೆ ಒಳಗೆ ಹರಳು ಕಟ್ಟಿ ಉಬ್ಬುತ್ತೆ, ಇಟ್ಟಿಗೆ ಪುಡಿ ಪುಡಿಯಾಗುತ್ತೆ. ಅದರ ಮೇಲೆ ಸಿಮೆಂಟ್ ಬಳಿದ್ರೆ ಗೋಡೆಗೆ ಉಸಿರಾಡೋ ದಾರಿ ಮುಚ್ಚಿ ಹೋಗಿ, ನೀರು ಸಿಮೆಂಟ್ ಇಲ್ಲದ ಎತ್ತರ ಹುಡುಕ್ಕೊಂಡು ಇನ್ನೂ ಮೇಲೇರುತ್ತೆ, ಇಲ್ಲಾ ಪ್ಲಾಸ್ಟರನ್ನೇ ಒದ್ದು ಬೀಳ್ಸುತ್ತೆ. ನಿಮ್ಮನೇಲಿ ಆಗಿರೋದು ಅದೇ. ಹಳೇ ಮೇಸ್ತ್ರಿಗಳಿಗೆ ಇದು ಗೊತ್ತಿತ್ತು, ಬುಖಾರಾದಲ್ಲಿ ಅವರು ಸುಣ್ಣದಂಥ ಜಿಪ್ಸಮ್ ಗಾರೆ ಬಳಸ್ತಿದ್ರು, ಮೆದು, ಗೋಡೆ ಜೊತೆ ಹೊಂದ್ಕೊಳ್ಳೋದು. ನೀವು ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕ್ಸಿ, ಬಚ್ಚಲ ನೀರೋ, ಒಡೆದ ಪೈಪೋ, ಪಕ್ಕದ ಚರಂಡಿನೋ. ಅದನ್ನ ನಿಲ್ಸಿ, ಸಿಮೆಂಟ್ ಕೆತ್ತಿಸಿ, ಗೋಡೆ ಚೆನ್ನಾಗಿ ಒಣಗಿದ್ಮೇಲೆ ಸುಣ್ಣದ ಗಾರೆ ಕೆಲಸ ಗೊತ್ತಿರೋರ ಕೈಲೇ ಮಾಡ್ಸಿ. ತಾತನ ಕಾಲದ ಗೋಡೆ ಉಳಿಯುತ್ತೆ, ಒಡೀಬೇಡಿ.

ನಾನು ರಿಟೈರ್ಡ್ ಹೆಲ್ತ್ ಇನ್ಸ್‌ಪೆಕ್ಟರ್, ಈಗ ಪಾವಗಡದಲ್ಲಿದೀನಿ. ರಾಯಚೂರು ಕಡೆ ಕೆಲಸ ಮಾಡೋವಾಗ ಮೆಟ್ಟಿಲು ಬಾವಿಯಿಂದ ನಾರುಹುಣ್ಣು ಹರಡೋದು ಕಣ್ಣಾರೆ ನೋಡಿದೀನಿ. ನಿಮ್ಮ ಲೇಖನದಲ್ಲಿ ಬುಖಾರಾದ ಕೊಳದ ಫೋಟೋ ನೋಡಿದ ಕೂಡ್ಲೇ ಅದೇ ಜ್ಞಾಪಕ ಬಂತು. ಅಲ್ಲಿ ಆ ರೋಗ ಇತ್ತಾ?

ಸಾರ್, ನಿಮ್ಮ ಪತ್ರ ಓದಿ ಮನಸ್ಸಿಗೆ ತಟ್ಟಿತು. ಇತ್ತು, ಬುಖಾರಾ ಆ ರೋಗಕ್ಕೇ ಹೆಸರುವಾಸಿ ಆಗಿತ್ತು, ಅಲ್ಲಿ ಅದನ್ನ ರಿಶ್ತಾ ಅನ್ನೋರು. ಮೇಲೆ ಹೇಳಿದ ಜೆಂಕಿನ್ಸನ್ 1558ರಲ್ಲೇ ಬರೆದವ್ನೆ, ಇಲ್ಲಿನ ನೀರು ಕುಡಿದೋರ ಕಾಲಲ್ಲಿ ಗಜಕ್ಕಿಂತ ಉದ್ದದ ಹುಳ ಬರುತ್ತೆ, ದಿನಕ್ಕಿಷ್ಟು ಅಂತ ಸುತ್ತಿ ಎಳೀತಾರೆ, ತುಂಡಾದ್ರೆ ಜೀವಕ್ಕೇ ಅಪಾಯ ಅಂತ.

ಕಾರಣ ನೀವು ನೋಡಿದ್ದೇ. ಜರಾಫ್ಶಾನ್ ನದಿ ನೀರು ಶಾಹ್‌ರೂದ್ ಕಾಲುವೇಲಿ ಬಂದು ಊರಿನ ಕೊಳಗಳಿಗೆ ತುಂಬೋದು. ಕೊಳಕ್ಕೆ ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಮ್ಮ ಕಲ್ಯಾಣಿ ಥರಾನೇ. ನೀರು ಹೊರೋರು ಚರ್ಮದ ಚೀಲ ಹಿಡ್ಕೊಂಡು ಮೆಟ್ಟಿಲಿಳಿದು ಕಾಲು ಅದ್ದೇ ತುಂಬೋರು, ಹುಣ್ಣಿರೋ ಕಾಲಿಂದ ಮರಿಹುಳ ನೀರಿಗೆ ಬೀಳೋದು, ಅದನ್ನ ನೀರಲ್ಲಿರೋ ಸೈಕ್ಲಾಪ್ಸ್ ಅನ್ನೋ ಪುಟಾಣಿ ಜೀವಿ ತಿನ್ನೋದು, ಆ ನೀರು ಕುಡಿದೋರಿಗೆ ಒಂದು ವರ್ಷಕ್ಕೆ ಕಾಲಲ್ಲಿ ಹುಳ. 1920ರ ದಶಕದಲ್ಲಿ ಲಿಯೊನಿದ್ ಇಸಾಯೆವ್ ಅನ್ನೋ ವೈದ್ಯರ ಮುಂದಾಳತ್ವದಲ್ಲಿ ಕೊಳಗಳನ್ನ ಶುಚಿ ಮಾಡಿ, ಎಷ್ಟೋ ಕೊಳ ಬತ್ತಿಸಿ, ರೋಗಿಗಳನ್ನ ಹುಡುಕಿ ಹುಡುಕಿ ಚಿಕಿತ್ಸೆ ಕೊಟ್ಟು, 1930ರ ದಶಕದ ಶುರುವಿಗೆಲ್ಲಾ ರೋಗ ನಿಲ್ಲಿಸಿಬಿಟ್ರು. ನಮ್ಮ ದೇಶದಲ್ಲಿ ಕೊನೇ ಕೇಸ್ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ, 2000ದಲ್ಲಿ ಭಾರತ ಮುಕ್ತ ಅಂತ ಘೋಷಣೆ ಆಯ್ತು. ಅದರ ಹಿಂದೆ ನಿಮ್ಮಂಥೋರು ಹಳ್ಳಿ ಹಳ್ಳಿ ಸುತ್ತಿದ್ದು ಇದೆ.

ಬುಖಾರಾಗೆ ಹೋದೋರು ಅರ್ಕ್ ಕೋಟೆ ಎದುರಿಗೆ ಒಂದು ಕಬ್ಬಿಣದ ಗೋಪುರ ನೋಡ್ತಾರೆ, ಹಳೇ ಊರಲ್ಲಿ ಇದೇನಪ್ಪ ಅಂತ ಮುಖ ತಿರುಗಿಸ್ತಾರೆ. ಅದು 1920ರ ದಶಕದ ಕೊನೇಲಿ ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶುಖೋವ್ ವಿನ್ಯಾಸದಲ್ಲಿ ಕಟ್ಟಿದ ನೀರಿನ ಟ್ಯಾಂಕ್ ಗೋಪುರ, ಮನೆಗಳಿಗೆ ಪೈಪ್ ನೀರು ಕೊಟ್ಟಿದ್ದು. ನನ್ನ ಮಟ್ಟಿಗೆ ಮಿನಾರಿನಷ್ಟೇ ಗೌರವ ಅದಕ್ಕೂ ಸಲ್ಲಬೇಕು. ಲ್ಯಾಬಿ ಹೌಜ್ ಥರ ಕೆಲವೇ ಕೊಳ ಹೆಂಗೋ ಉಳ್ಕೊಂಡಿವೆ, ಈಗ ಅವುಗಳ ನೀರು ಯಾರೂ ಕುಡಿಯಲ್ಲ.

ನಾವು ಪಕ್ಕಾ ಸಸ್ಯಾಹಾರಿಗಳು, ತಿಪಟೂರು. ಊಟಕ್ಕೆ ಏನ್ ಗತಿ? ಯಾವ ತಿಂಗಳು ಹೋಗ್ಬೇಕು?

ಊಟದ ಚಿಂತೆ ಬೇಡಮ್ಮ, ಆದ್ರೆ ಕೇಳಿ ತಿನ್ನಿ. ಅವರ ಪ್ಲೋವ್ ನೋಡೋಕೆ ಕ್ಯಾರೆಟ್ ಅನ್ನದ ಥರ ಇರುತ್ತೆ, ಮಾಂಸದ ಜೊತೆಗೇ ಬೇಯ್ಸಿರ್ತಾರೆ, ತುಂಡು ತೆಗೆದು ಕೊಡ್ತೀವಿ ಅಂದ್ರೂ ಬೇಡ ಅನ್ನಿ. ತಂದೂರಿನ ದುಂಡು ರೊಟ್ಟಿ, ಟೊಮೇಟೊ ಸೌತೆಕಾಯಿ ಸಲಾಡ್, ಗಟ್ಟಿ ಮೊಸರು, ದ್ರಾಕ್ಷಿ, ಕರಬೂಜ, ಬಾದಾಮಿ, ಹಸಿರು ಟೀ, ಇವು ಎಲ್ಲಾ ಕಡೆ ಸಿಗುತ್ತೆ. ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಇಟ್ಕೊಂಡ್ರೆ ರೊಟ್ಟಿ ಜೊತೆ ಆರಾಮಾಗಿ ನಡೆಯುತ್ತೆ. ಏಪ್ರಿಲ್, ಮೇ ಇಲ್ಲಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇದು, ಜುಲೈಲಿ ಬಿಸಿಲು ಸುಡುತ್ತೆ, ಜನವರೀಲಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ದೆಹಲಿಯಿಂದ ತಾಷ್ಕೆಂಟ್‌ಗೆ ಸುಮಾರು ಮೂರು ಗಂಟೆ ವಿಮಾನ, ಅಲ್ಲಿಂದ ಅಫ್ರೋಸಿಯೋಬ್ ಅನ್ನೋ ಸ್ಪೀಡ್ ಟ್ರೈನು ಸಮರ್ಕಂದ್ ಮೇಲೆ ಬುಖಾರಾವರೆಗೂ ಹೋಗುತ್ತೆ. ಸೀಸನ್‌ನಲ್ಲಿ ಸೀಟು ಬೇಗ ಖಾಲಿ ಆಗುತ್ತೆ, ವಿಮಾನದ ಟಿಕೆಟ್ ಆದ ತಕ್ಷಣ ಟ್ರೈನ್ ಬುಕ್ ಮಾಡಿ, ರೂಮು ಲ್ಯಾಬಿ ಹೌಜ್ ಹತ್ರ ತಗೊಂಡ್ರೆ ಗುಮ್ಮಟ ಬಜಾರಿಗೆಲ್ಲಾ ನಡ್ಕೊಂಡೇ ಹೋಗಿ ಬರಬಹುದು.